ಕ್ಲಬ್‌ಹೌಸಿನ ಬ್ಯಾಲೆ ಟೀಚರ್

ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿಗೆ ಬರುತ್ತಿದ್ದ ಬ್ಯಾಲೆ ಟೀಚರ್ ಲಿಫ್ಟಿನಲ್ಲಿಯೂ ಗದ್ದ ಎತ್ತಿಯೇ ನಿಲ್ಲುತ್ತಿದ್ದರು. ಮಕ್ಕಳು ನೋವೆಂದರೆ "ಸ್ಮೈಲ್, ಸ್ಮೈಲ್" ಎನ್ನುವುದೊಂದೇ ಅವರ ಔಷಧ. ವಾರ್ಷಿಕೋತ್ಸವಕ್ಕೆ ಎಂಟು ವರ್ಷದ ನನ್ನ ಮಗಳಿಗೂ ಕಾಲ್ಬೆರಳ ತುದಿಯ ಮೇಲೆ ನಿಲ್ಲಿಸುವ ಗಟ್ಟಿ ಷೂ ತಂದರು.

"ಇಷ್ಟು ಚಿಕ್ಕೋರಿಗೆ ಬೇಡ ಅಂತಾರಲ್ಲ ಮೇಡಂ?" ಎಂದೆ.

"ಅದು ಫಾರಿನ್ ಮಕ್ಕಳ ಮೂಳೆಗೆ ಕಣ್ರೀ. ನಮ್ಮವು ರಾಗಿ ತಿಂದು ಬೆಳೆದಿರ್ತವೆ!"

ಎಂಎಸ್ಸಿ ಓದಿದ ನಾನು ನಕ್ಕು, ಷೂವಿನ ರಿಬ್ಬನ್ ಕಟ್ಟಿದೆ.

ವೇದಿಕೆಯಲ್ಲಿ ಪಾದ ಹೊರಳಿ ಮಗಳು ಕುಸಿದು ಕುಳಿತಳು. ಪರದೆಯ ಹಿಂದಿನಿಂದ ಟೀಚರ್ "ಸ್ಮೈಲ್!" ಎಂದರು. ಅವಳು ಅಳುತ್ತಲೇ ನಕ್ಕಳು. ಅದೂ ನೃತ್ಯವೇ ಎಂದುಕೊಂಡ ಸಭೆ ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ನಾನು ವೇದಿಕೆಗೆ ಓಡಿದ್ದೆನೆಂದೇ ನನ್ನ ನೆನಪು. ಗಂಡ ತೆಗೆದ ವಿಡಿಯೋದಲ್ಲಿ ಮಾತ್ರ ನಾನು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದೇನೆ.