ಬಟಾಣಿ ಬಳ್ಳಿಯ ಬ್ಯಾನರು

ಟೈಲರಮ್ಮನ ಮೊಂಡುತನ ಮುರಿಯುವ ಕತ್ತರಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಉರಿ ಬೇಸಿಗೆಯಲ್ಲಿ, ಮನೆ ಪಕ್ಕದ ನಾಲ್ಕು ಮೊಳ ಜಾಗದಲ್ಲಿ ಬಟಾಣಿ ಬಿತ್ತಿದಳು. ಬಟಾಣಿ ಚಳಿಯ ಕೂಸು, ಬಿಸಿಲು ಬಡಿದರೆ ಹೂವುದುರಿಸಿ ಮುಖ ತಿರುಗಿಸುತ್ತದೆ. ಅವಳಿಗದು ಗೊತ್ತಿತ್ತು. ಆದರೆ ಅಲ್ಲಿ ಸಿಮೆಂಟು ಬಳಿದು ಸ್ಕೂಟರ್ ನಿಲ್ಲಿಸಲು ಮೈದುನ ಹೊಂಚು ಹಾಕಿದ್ದ.

“ಅತ್ತಿಗೆ, ಈ ಕಾದ ನೆಲದಲ್ಲಿ ಬಟಾಣಿ ಬೆಳೆಯಲ್ಲ, ಹುರಿಯುತ್ತೆ.”

“ಹುರಿದ್ರೆ ನಿನಗೇ ಕೊಡ್ತೀನಿ. ಹಲ್ಲು ಗಟ್ಟಿ ಇದ್ರೆ ತಿನ್ನು.”

ಕೊನೆಗೆ ಒಪ್ಪಂದವಾಯಿತು: ಗಾರೆಯವನು ಕೆಲಸಕ್ಕೆ ಬರುವ ದಿನ ಬಳ್ಳಿಯಲ್ಲಿ ಒಂದಾದರೂ ಕಾಯಿದ್ದರೆ ಜಾಗ ಅವಳದು, ಇಲ್ಲದಿದ್ದರೆ ಸ್ಕೂಟರಿನದು. ಯಾವ ದಿನ ಎಂದು ಗೊತ್ತು ಮಾಡಿಕೊಳ್ಳದೆ ಟೈಲರಮ್ಮ ಎಡವಿದಳು.

ಬುಡಕ್ಕೆ ಬಟ್ಟೆ ಚಿಂದಿ ಹಾಸಿದಳು. ಬೆಳಕು ಹರಿಯುವ ಮುನ್ನವೇ ನೀರುಣಿಸಿದಳು. ಬಳ್ಳಿ ಹೂ ಬಿಟ್ಟಿತು, ಮಧ್ಯಾಹ್ನದ ಬಿಸಿಲಿಗೆ ಉದುರಿಸತೊಡಗಿತು. ನೆರಳಿಗೆ ಬಿಳಿ ಬಟ್ಟೆ ಬೇಕಿತ್ತು. ಗಿರಾಕಿಗಳ ಪಂಚೆ ಕಟ್ಟಿದರೆ ಮಾನ ಹೋದೀತು. ಮನೆಯಲ್ಲಿದ್ದದ್ದು ಮಿಲ್ಲಿನ ಮುಷ್ಕರಕ್ಕೆ ಅವಳೇ ಹೊಲಿದಿದ್ದ ಬ್ಯಾನರು. ಮುಷ್ಕರ ಅರ್ಧ ಗೆದ್ದು ಅರ್ಧ ಸೋತು ಮುಗಿದಿತ್ತು, ಬಟ್ಟೆಯಂತೂ ಗಟ್ಟಿಯಾಗಿತ್ತು. ಕೋಲು ನೆಟ್ಟು ಕಟ್ಟಿದಳು. ಬೀದಿ ಕಡೆಗೆ ಕೆಂಪಕ್ಷರ ಇಳಿಬಿತ್ತು: ‘ಒಂದಿಂಚೂ ಬಿಡೆವು’.

ಬ್ಯಾನರು ಕಟ್ಟಿದ ಮೂರನೇ ದಿನಕ್ಕೇ ಮೈದುನ ಗಾರೆಯವನನ್ನು ಕರೆತಂದ. ಬಳ್ಳಿಯಲ್ಲಿ ಬರೀ ಹೂವು.

“ಎಲ್ಲಿ, ಕಾಯಿ ತೋರ್ಸು ಅತ್ತಿಗೆ!”

ಟೈಲರಮ್ಮ ಎಲೆಎಲೆ ಸರಿಸಿ ಹುಡುಕಿದಳು. ಅಷ್ಟರಲ್ಲಿ ಗಾರೆಯವನು ಬ್ಯಾನರು ಓದಿ, ಕರಣೆಯನ್ನು ಚೀಲಕ್ಕೆ ತುರುಕಿದ.

“ಎಲ್ಲಿಗಯ್ಯಾ?” ಎಂದ ಮೈದುನ.

“ಧರಣಿ ನಡೆಯೋ ಕಡೆ ನಾನು ಕೆಲಸ ಮಾಡಲ್ಲ ಸ್ವಾಮಿ. ನಮ್ಮ ಸಂಘದೋರು ನನಗೇ ಗಾರೆ ಮೆತ್ತುತಾರೆ.”

“ಯಾವ ಧರಣಿಯೋ ಮಾರಾಯ? ಅದು ಬಟಾಣಿ!”

“ಯಾರಾದ್ರೇನು? ಬ್ಯಾನರ್ ಕಟ್ಕೊಂಡು ಕೂತಿದ್ದಾರಲ್ಲ.” ಟೈಲರಮ್ಮನ ಕಡೆ ತಿರುಗಿದ. “ಎಷ್ಟು ದಿನ ಅಕ್ಕಾ?”

ಟೈಲರಮ್ಮ ನಗು ನುಂಗಿಕೊಂಡಳು. “ಹತ್ತು ದಿನ. ಇವರು ಮಾತುಕತೆಗೆ ಬಂದ್ರೆ ಬೇಗ.”

“ನನ್ನ ಲೆಕ್ಕದಲ್ಲಿ ಇವತ್ತು ಕೆಲಸಕ್ಕೆ ಬಂದೇ ಇಲ್ಲ” ಎಂದು ಅವನು ಹೊರಟೇಹೋದ.

ಹತ್ತು ದಿನ ಬಿಟ್ಟು ಗಾರೆಯವನು ಬಂದು ಬಗ್ಗಿ ನೋಡಿದ. ಹನ್ನೊಂದು ಕಾಯಿ.

“ಮೂರು ಪೊಳ್ಳು!” ಎಂದು ಮೈದುನ ಕಿರುಚಿದ.

“ಒಂದು ಸಾಕು ಅಂದೋನು ನೀನೇ.”

ಸ್ಕೂಟರಿನ ಜಾಗಕ್ಕೆಂದು ತಂದಿಟ್ಟ ಸಿಮೆಂಟು ಚೀಲದಲ್ಲೇ ಗಟ್ಟಿಯಾಗುವ ಮೊದಲು ಟೈಲರಮ್ಮ ಅಲ್ಲಾಡುತ್ತಿದ್ದ ತನ್ನ ಒಗೆಯುವ ಕಲ್ಲನ್ನು ಭದ್ರ ಮಾಡಿಸಿಕೊಂಡಳು. ಗಾರೆ ಕಲಸಿದ್ದು ಮೈದುನ.