ಬಂದರಿನ ಗೇಟಿನಲ್ಲಿ ಗಂಗವ್ವತ್ತೆ

ಮಲೇಷ್ಯಾದ ಪೆನಾಂಗ್ ಊರು ತೋರಿಸಿದ ಗೈಡ್ ಹೆಂಗಸು ನಮ್ಮನ್ನು ಬಂದರಿನ ಗೇಟಿಗೆ ತಂದು ಬಿಟ್ಟಾಗ ನಾಲ್ಕೂವರೆ. ನಾವು ಪ್ರವಾಸ ಬಂದಿದ್ದ ಹಡಗು ಐದಕ್ಕೆ ಹೊರಡುತ್ತದೆ. ಅಫಜಲಪುರದ ಕಡೆಯ ಮಣ್ಣೂರಿನ ನನ್ನ ಸೋದರತ್ತೆ ಗಂಗವ್ವ ಲೋಹ ತಪಾಸಣೆಯ ಚೌಕಟ್ಟಿನೊಳಗೆ ಕಾಲಿಟ್ಟ ಕೂಡಲೇ ಅದು ಕೂಗಿತು. ಅಧಿಕಾರಿ ಅವರ ಕೊರಳಿನ ಬೆಳ್ಳಿ ಕರಡಿಗೆಗೆ ಕೈಚಾಚಿದ.

"ಅದರಾಗ ಲಿಂಗ ಅದ. ದೀಕ್ಷಾ ಆದಾಗಿಂದ ಇನ್ನೊಬ್ಬರ ಕೈಯಾಗ ಕೊಟ್ಟಿಲ್ಲ. ಹೇಳು ಅವಗ," ಎಂದರು ಅತ್ತೆ.

ಇಂಗ್ಲಿಷಿನಲ್ಲಿ ಹೇಳಿದೆ. ಅವನು ಆಗದೆಂದು ತಲೆಯಾಡಿಸಿದ.

"ಅತ್ತಿ, ಹಡಗ ಹೋಗ್ತದ."

"ಹೋದ್ರ ಹೋಗ್ಲಿ."

ಅತ್ತೆ ಒಮ್ಮೆ ಚೌಕಟ್ಟನ್ನು, ಒಮ್ಮೆ ಬೆಳ್ಳಿ ಕರಡಿಗೆಯನ್ನು ನೋಡಿದರು. ಆಮೇಲೆ ಕರಡಿಗೆ ತೆರೆದು, ಪೂಜೆಯಲ್ಲಿ ಹಿಡಿಯುವಂತೆಯೇ ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡರು. ಖಾಲಿ ಕರಡಿಗೆಯನ್ನು ಮೇಜಿನ ತಟ್ಟೆಗೆ ಹಾಕಿ, ಅಂಗೈಯನ್ನು ಎದೆಮಟ್ಟಕ್ಕೆ ಹಿಡಿದು, ಒಂದೊಂದೇ ಹೆಜ್ಜೆಯಿಡುತ್ತ ಚೌಕಟ್ಟು ದಾಟಿದರು. ಅದು ಕೂಗಲಿಲ್ಲ. ಅಧಿಕಾರಿ ಬಗ್ಗಿ ಅಂಗೈ ಮೇಲಿನ ಕರಿಯ ಕಲ್ಲಿನ ಲಿಂಗವನ್ನು ನೋಡಿದ, ಮುಟ್ಟಲಿಲ್ಲ.

ಅತ್ತೆ ಆಚೆ ನಿಂತು ತಿರುಗಿದರು. "ಸಾಹೇಬ್ರ, ಆ ಡಬ್ಬಿ ತರ್ರಿ ಲಗೂನ. ಹಡಗ ಬಿಟ್ಟೀತು."

ಕನ್ನಡದ ಒಂದಕ್ಷರವೂ ತಿಳಿಯದ ಆ ಅಧಿಕಾರಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಹಡಗಿನ ಮೆಟ್ಟಿಲಿನವರೆಗೂ ಅವರ ಹಿಂದೆ ನಡೆದ.