ಫೌಲ್ ಆದರೂ ಓಡಿದ ಗಡಿಯಾರ

ಕಮಲಾಪುರದ ಹುಡುಗಿ ಫ್ರೀ ಥ್ರೋ ಹಾಕಲು ಚೆಂಡು ಹಿಡಿದು ನಿಂತಿದ್ದಳು. ಅವಳ ತಂಡ ಒಂದು ಅಂಕ ಹಿಂದಿತ್ತು, ಫೌಲ್ ಆದಾಗ ಐದು ಸೆಕೆಂಡ್ ಉಳಿದಿದ್ದವು. ಅವಳು ಎಸೆಯುವ ಮೊದಲೇ ಆಟ ಮುಗಿದ ಹಾರ್ನ್ ಕೂಗಿತು.

ಫೌಲ್ ಆದ ಕೂಡಲೇ ಗಡಿಯಾರ ನಿಲ್ಲಿಸಬೇಕೆಂಬುದು ಬ್ಯಾಸ್ಕೆಟ್‌ಬಾಲ್‌ನ ಮೊದಲ ಪಾಠ. ಆದರೆ ಕಲಬುರಗಿಯ ಆ ಮೈದಾನದಲ್ಲಿ ಗಡಿಯಾರ ನೋಡಿಕೊಳ್ಳಬೇಕಿದ್ದ ಮಹಾಶಯರು ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಸುಸಲಾ ಮಿರ್ಚಿ ತಿನ್ನುತ್ತಿದ್ದರು.

ಹುಡುಗಿ ಚೆಂಡಿನೊಂದಿಗೆ ಅವರ ಮೇಜಿನ ಮುಂದೆ ಬಂದು ನಿಂತಳು. “ಸರ್, ಫೌಲ್ ಆದ ಮ್ಯಾಲ ಟೈಮ್ ಯಾಕ ನಿಲ್ಲಿಸಿಲ್ಲರೀ?”

“ಟೈಮ್ ಯಾರ ಸಲುವಾಗೂ ನಿಲ್ಲಂಗಿಲ್ಲವ್ವ,” ಎಂದು ಅವರು ವೇದಾಂತ ಹೇಳಿದರು. ಪಕ್ಕದ ಗಣ್ಯರು ತಲೆದೂಗಿ ನಕ್ಕರು.

ಅವಳು ನೇರವಾಗಿ ರೆಫ್ರಿಯ ಬಳಿ ಹೋದಳು. ಸೀಟಿ ಊದಿದಾಗ ಸಮಯ ಎಷ್ಟಿತ್ತೆಂದು ಅವರು ನೋಡಿಕೊಂಡಿದ್ದರು. ಐದು ಸೆಕೆಂಡ್ ಮರಳಿ ಹಾಕಿಸಿದರು. ಅವಳ ಮೊದಲ ಎಸೆತ ಬುಟ್ಟಿಗೆ ಬಿತ್ತು, ಎರಡನೆಯದು ಅಂಚಿಗೆ ಬಡಿದು ಹೊರಹೋಯಿತು. ಪಂದ್ಯ ಸಮಬಲವಾಯಿತು; ಹೆಚ್ಚುವರಿ ಆಟದಲ್ಲಿ ಕಮಲಾಪುರ ಸೋತಿತು. ಆದರೂ ಅದು ಅವರು ಆಡಿ ಸೋತ ಸೋಲು.

ನಾನು ಇಪ್ಪತ್ತು ವರ್ಷ ಇದೇ ಆಟ ಕಲಿಸಿದ ಪಿ.ಟಿ. ಮಾಸ್ತರ. ಆ ಮಹಾಶಯರನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಆದರೆ ಅವರ ಪಕ್ಕದಲ್ಲಿ ತಲೆದೂಗಿದ ಗಣ್ಯರಲ್ಲಿ ನಾನೂ ಒಬ್ಬನಾಗಿದ್ದೆ.